ಹೊಳೆ ಬರುವ ಮೊದಲೇ ಮಹಡಿ ಏರಿದ ಬೀರು

ಗೆಳೆಯರೇ, ಇವತ್ತು ಶ್ರೀರಂಗಪಟ್ಟಣದಲ್ಲಿ ನಾನೂ ನೆರೆ ಸಂತ್ರಸ್ತನಾದೆ, ಕಾವೇರಿಗೆ ಗೊತ್ತೇ ಆಗದಂತೆ.

ಹಬ್ಬಕ್ಕೆಂದು ಹೆಂಡತಿ ಮನೆ ತೊಳೆಯುತ್ತಿದ್ದಳು. ಹಾಸಿಗೆ, ಪಾತ್ರೆಗಳೆಲ್ಲ ಜಗಲಿಯ ಮೇಲಿದ್ದವು. ಬಾಗಿಲಿನಿಂದ ನೀರು ಬೀದಿಗೆ ಹರಿಯುತ್ತಿತ್ತು. ಅಣೆಕಟ್ಟೆಯಿಂದ ನೀರು ಬಿಟ್ಟಿದ್ದರಿಂದ ಹೊಳೆ ಪಕ್ಕದವರಿಗೆ ಊಟ, ಕಂಬಳಿ ಒಯ್ಯುತ್ತಿದ್ದ ಮಸೀದಿಯ ದಾನ ಸಮಿತಿಯ ಆಟೋ ನಮ್ಮ ಮನೆ ಮುಂದೆ ಗಕ್ಕನೆ ನಿಂತಿತು.

“ಇಲ್ಲೂ ನೀರು ನುಗ್ಬುಟ್ಟದೆ, ಇಳೀರ್ಲಾ!” ಎಂದರು ಸಮಿತಿಯ ಗೌಸ್ ಭಾಯಿ.

“ಏನೂ ಆಗಿಲ್ಲ ಭಾಯಿ, ನಮ್ಮವ್ಳು ಮನೆ ತೊಳೀತಾವ್ಳೆ” ಎಂದೆ.

“ನಾಚ್ಕಬ್ಯಾಡಿ ಅಣ್ಣಾ. ಬ್ಯಾಡ ಅನ್ನೋರ್ಗೇ ಕಷ್ಟ ಜಾಸ್ತಿ ಇರದು” ಎಂದು ನನಗೊಂದು ಕಂಬಳಿ ಹೊದಿಸಿದರು. ನಾನು ಬೇಡವೆಂದಷ್ಟೂ ಕುಷ್ಕಾ ಪೊಟ್ಟಣಗಳು ಹೆಚ್ಚಾದವು. ಅಷ್ಟರಲ್ಲಿ ಅವರ ಜೊತೆಯವರು ಮಂಚ, ಬೀರು, ಫ್ರಿಜ್ಜನ್ನೆಲ್ಲ ಮಹಡಿಗೆ ಸಾಗಿಸಿಬಿಟ್ಟಿದ್ದರು.

ನಿಜ ಹೇಳು ಎಂದು ಹೆಂಡತಿಯತ್ತ ನೋಡಿದೆ.

“ಸುಮ್ಕಿರಿ, ಬೀರು ಕೆಳಗೆ ಗುಡಿಸಿ ಒಂದ್ ವರ್ಸ ಆಗದೆ” ಎಂದು ಪಿಸುಗುಟ್ಟಿ, ಇನ್ನೊಂದು ಬಕೆಟ್ ನೀರು ಸುರಿದಳು.

ಆಟೋ ಹೊಳೆಯ ಕಡೆಗೆ ಹಾರಿಹೋಯಿತು. ಈಗ ಮನೆ ಫಳಫಳ ಹೊಳೆಯುತ್ತಿದೆ. ನಾನು ಮಹಡಿಯಲ್ಲಿ ಮಂಚದ ಮೇಲೆ ಕುಳಿತು ಕುಷ್ಕಾ ತಿನ್ನುತ್ತ ಇದನ್ನು ಬರೆಯುತ್ತಿದ್ದೇನೆ. ಮೋಡ ಕವಿದಿದೆ.

“ಬೀರು ಇಳ್ಸಕ್ಕೆ ಏಳ್ತೀರೋ, ಭಾಯಿಗೆ ಫೋನ್ ಮಾಡ್ಲೋ?” ಎಂದು ಕೆಳಗಿನಿಂದ ಕೂಗುತ್ತಿದ್ದಾಳೆ.

ಮಾಡು ಎಂದಿದ್ದೇನೆ. ಸಂತ್ರಸ್ತರೊಬ್ಬರು ಮಹಡಿಯಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ ಎಂದು ಹೇಳಿದರೆ ಸಾಕು, ಐದು ನಿಮಿಷದಲ್ಲಿ ಬರುತ್ತಾರೆ.