ಎದುರಾಳಿಯ ಪರವಾಗಿ ಮಾತಾಡಿದ ಅಸಿಮೀನಾ

ನಗರಸಭೆಯವರು ಬೀದಿಯ ಚಿನಾರ್ ಮರಕ್ಕೆ ಅಂಟಿಸಿದ್ದ ನೋಟಿಸಿನ ಮೇಲೆ ಯಾರೋ ಕೆಂಪು ಪೆನ್ನಿನಲ್ಲಿ ಗೀಟು ಎಳೆದಿದ್ದರು. "ಬುಧವಾರದ ಸಂತೆಯನ್ನು ಕ್ರೀಡಾಂಗಣದ ಪಕ್ಕಕ್ಕೆ ಸ್ಥಳಾಂತರಿಸಲು ನಿರ್ಧರಿಸಲಾಗಿದೆ" ಎಂಬ ವಾಕ್ಯದ ಅಂಚಿನಲ್ಲಿ ಒಂದೇ ಪದವಿತ್ತು: "ಯಾರು?"

ಬರೆದವರು ಯಾರೆಂದು ಯಾರೂ ಕೇಳಲಿಲ್ಲ. ಗ್ರೀಸಿನ ಥೆಸಲಿ ಪ್ರಾಂತ್ಯದ ನಮ್ಮ ಈ ಪಟ್ಟಣದಲ್ಲಿ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದ ಹೆಚ್ಚಿನವರು ಮೊದಲು ಹತ್ತಿದ್ದು ಔಷಧಿ ಅಂಗಡಿಯ ಪಕ್ಕದ ಕಿರಿದಾದ ಮೆಟ್ಟಿಲು. ಮೇಲೆ ಎರಡು ಕೋಣೆಗಳಲ್ಲಿ ಅಸಿಮೀನಾ ಮೇಡಂ ಸಂಜೆ ಟ್ಯೂಷನ್ ನಡೆಸುತ್ತಿದ್ದರು. ಪ್ರವೇಶ ಪರೀಕ್ಷೆಯ ವಾದದ ಪ್ರಬಂಧ, ಅದೊಂದೇ ವಿಷಯ. ಕರ್ತೃವನ್ನು ಮುಚ್ಚಿಟ್ಟ ವಾಕ್ಯ ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ನಿರ್ಧರಿಸಲಾಗಿದೆಯಂತೆ! ಯಾರಪ್ಪಾ ನಿರ್ಧರಿಸಿದ್ದು, ಗಾಳಿನಾ?" ಎನ್ನುತ್ತಿದ್ದರು. ನೋಟಿಸಿಗೆ ಸಹಿ ಹಾಕಿದ್ದ ಉಪಮೇಯರ್ ಅರ್ಗೀರಿಸ್ ಕೂಡ ಅದೇ ಮೆಟ್ಟಿಲು ಹತ್ತಿದವನು.

ಸಂತೆ ನಡೆಯುತ್ತಿದ್ದದ್ದು ಮೇಡಂ ಮನೆಯ ಬೀದಿಯಲ್ಲಿ. ಮೊದಲ ಅಂಗಡಿ ಗರಿಫಾಲ್ಯಾಳದು. ಮದುವೆಯಾಗಿ ಬಂದಂದಿನಿಂದ ಆಕೆ ಮೂಲೆಯ ಹಿಪ್ಪುನೇರಳೆ ಮರದ ಕೆಳಗೆ ಉಪ್ಪುನೀರಿನ ಪೀಪಾಯಿಗಳನ್ನಿಟ್ಟು ಆಲಿವ್ ಮಾರುತ್ತಿದ್ದಳು. ಕ್ರೀಡಾಂಗಣದ ಬಳಿ ನೆರಳೂ ಇಲ್ಲ, ಕಾಲ್ನಡಿಗೆಯ ಗಿರಾಕಿಗಳೂ ಇಲ್ಲ. ಆ ಮೂಲೆ ಹೋದರೆ ವ್ಯಾಪಾರ ಹೋದ ಹಾಗೆ ಎಂದು ಆಕೆ ಎಲ್ಲರಿಗೂ ಹೇಳುತ್ತಿದ್ದಳು. ನೋಟಿಸು ಬಿದ್ದ ದಿನವೇ ಮೇಡಂ ಅವರ ಅಡುಗೆಮನೆಗೆ ಬಂದು ಕೂತಳು.

"ನಗರಸಭೆಯೋರ ಸಭೇಲಿ ನಾನು ಏನ್ ಹೇಳ್ತೀನಿ ಗೊತ್ತಾ? ನಮ್ಮನ್ನ ಎಲ್ಲಿಗೆ ಅಟ್ತೀರಿ ಅಂತ ಕೂಗ್ತೀನಿ!"

"ಕ್ರೀಡಾಂಗಣಕ್ಕೆ ಅಂತಾರೆ," ಮೇಡಂ ಕಾಫಿ ಬಗ್ಗಿಸುತ್ತ ಹೇಳಿದರು. "ಉತ್ತರ ಇರೋ ಪ್ರಶ್ನೆ ಸಭೇಲಿ ಕೇಳ್ಬಾರ್ದು ಕಣೇ. ಅವ್ರು ಉತ್ತರ ಕೊಟ್ಟೇ ಬಿಡ್ತಾರೆ."

"ಹಂಗಾದ್ರೆ ನೀವೇ ಮಾತಾಡಿ. ನಿಮ್ ಪಾಠ ಕೇಳಿದೋರೇ ತಾನೇ ಅಲ್ಲಿ ಕೂತಿರೋದೆಲ್ಲ."

ನಿರ್ಧಾರ ಖಾಯಂ ಆಗಲು ನಗರಸಭೆಯಲ್ಲಿ ಮತ ಬೀಳಬೇಕಿತ್ತು. ಆ ಸಭೆಯಲ್ಲಿ ವ್ಯಾಪಾರಿಗಳ ಪರ ಒಬ್ಬರಿಗಷ್ಟೇ ಮಾತಿಗೆ ಅವಕಾಶವಿತ್ತು. ಎಲ್ಲರೂ ಮೇಡಂ ಹೆಸರನ್ನೇ ಹೇಳಿದರು. ಅವರೂ ಒಪ್ಪಿದರು.

ಸಭೆಯ ದಿನ ಹಾಲ್ ತುಂಬಿತ್ತು. ಅರ್ಗೀರಿಸ್ ಮೊದಲು ಎದ್ದ. ನಗರ ಸಂಚಾರದ ಸುಗಮತೆ, ಸಮಗ್ರ ದೃಷ್ಟಿ, ಯುರೋಪಿನ ಇತರ ಪಟ್ಟಣಗಳ ಅನುಭವ ಎಂದೆಲ್ಲ ಹೇಳಿದ. ಮುಂದಿನ ಸಾಲಿನ ಒಬ್ಬರು ಕಿಟಕಿಯ ಕಡೆ ನೋಡುತ್ತ ಕೂತಿದ್ದರು.

ಮೇಡಂ ಎದ್ದರು. ಚೀಟಿ ಇರಲಿಲ್ಲ. "ಅರ್ಗೀರಿಸ್, ಎಷ್ಟು ಸಲ ಹೇಳಿದೀನಿ ಮಗೂ, ಹೆಸರಿಲ್ಲದ ಮಾತಿಗೆ ಕಾಲಿರಲ್ಲ ಅಂತ. ನಿನ್ನ ವಾದ ಕುಂಟ್ತಾ ಇದೆ. ಮೊದಲು ಅದನ್ನ ನೆಟ್ಟಗೆ ನಿಲ್ಲಿಸ್ತೀನಿ, ಆಮೇಲೆ ಬೀಳಿಸ್ತೀನಿ."

ಸಭೆ ನಕ್ಕಿತು. ಎಲ್ಲರಿಗೂ ಆ ಪಾಠ ಗೊತ್ತಿತ್ತು. ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ ಹೇಳಬೇಕು, ಆಮೇಲೆ ಖಂಡಿಸಬೇಕು. ಅದಿಲ್ಲದ ಪ್ರಬಂಧವನ್ನು ಮೇಡಂ ಓದದೆ ವಾಪಸ್ ಕೊಡುತ್ತಿದ್ದರು.

"ಸಂಚಾರ ಅಂತ ಯಾಕೆ ಹೇಳ್ತೀಯ? ಜೀಸಿಸ್ ಅಂತ ಹೇಳು," ಎಂದರು. ಜೀಸಿಸ್ ಅವರ ಎದುರು ಮನೆಯ ನಿವೃತ್ತ ದರ್ಜಿ. "ವಸಂತದಲ್ಲಿ ಒಂದು ಬುಧವಾರ ಅವನಿಗೆ ಎದೆನೋವು ಬಂತು. ಆಂಬುಲೆನ್ಸ್ ಬೀದಿ ಬಾಯಲ್ಲೇ ನಿಂತಿತು. ಅವನನ್ನ ಸ್ಟ್ರೆಚರಲ್ಲಿ ಹೊತ್ತೋರು ಟೊಮೇಟೊ ಬುಟ್ಟಿ ದಾಟಿದ್ರು, ಕಲ್ಲಂಗಡಿ ರಾಶಿ ದಾಟಿದ್ರು. ಕೊನೆಗೆ ಮೂಲೇಲಿ ಸಿಕ್ಕಾಕೊಂಡ್ರು. ನಾನು ಬಾಲ್ಕನೀಲಿ ನಿಂತಿದ್ದೆ. ಜೀಸಿಸ್ ಕೈ ಸ್ಟ್ರೆಚರಿಂದ ಹೊರಗೆ ಜೋತುಬಿದ್ದಿತ್ತು. ಪೀಪಾಯಿ ಸರಿಸೋ ತನಕ ಆ ಕೈ ಹಾಗೇ ಇತ್ತು."

ಹಿಂದಿನ ಸಾಲಿನಿಂದ ಜೀಸಿಸ್ ಕೂಗಿದ: "ನಾನಿನ್ನೂ ಸತ್ತಿಲ್ಲ ಕಣಮ್ಮಾ!"

ಯಾರೂ ನಗಲಿಲ್ಲ.

ಈಗ ಬೀಳಿಸುವ ಸರದಿ. ಬಡವರ ಹೊಟ್ಟೆಪಾಡು, ಬೀದಿಯ ಜೀವ, ವಯಸ್ಸಾದ ಗಿರಾಕಿಗಳು ಎಂದು ಮೂರು ಮಾತು ಅವರಲ್ಲಿ ಸಿದ್ಧವಿದ್ದವು. ಅಡುಗೆಮನೆಯಲ್ಲಿ ಹೇಳಿ ನೋಡಿಯೂ ಇದ್ದರು. ಮೇಡಂ ಬಾಯಿ ತೆರೆದರು. ಜೀಸಿಸ್ ಕಡೆ ನೋಡಿದರು. ಅರ್ಗೀರಿಸ್ ಪೆನ್ನು ಹಿಡಿದು, ಬರೆದುಕೊಳ್ಳುವ ವಿದ್ಯಾರ್ಥಿಯಂತೆ ಕಾಯುತ್ತಿದ್ದ.

"ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ," ಎಂದು ಹೇಳಿ ಕುಳಿತರು.

ಮತಕ್ಕೆ ಹಾಕಿದರು. ಸಂತೆ ಹೋಯಿತು.

ಹೊರಗೆ ಮೆಟ್ಟಿಲ ಮೇಲೆ ಗರಿಫಾಲ್ಯಾ ಕಾದಿದ್ದಳು. "ಅಲ್ಲ ಮೇಡಂ, ನಾಯಿ ಅಂತ ಬಾಗಿಲಿಗೆ ಕಟ್ಟಿದ್ವಿ, ನೀವು ಕಳ್ಳನಿಗೆ ಲಾಟೀನು ಹಿಡಿದ್ರಿ! ಆ ಹುಡುಗನಿಗೆ ಮಾತೇ ಬರ್ತಿರಲಿಲ್ಲ. ಅವನ ಪಾಡಿಗೆ ಸೋಲ್ತಿದ್ದ."

"ಸೋಲ್ತಿದ್ದ," ಮೇಡಂ ಒಪ್ಪಿದರು.

"ಮತ್ತೆ?"

"ಪೀಪಾಯಿ ನಿಂದೇ ಅಲ್ವೇನೇ ಅವತ್ತು?"

ಗರಿಫಾಲ್ಯಾ ಸ್ಕಾರ್ಫ್ ಬಿಗಿಮಾಡಿಕೊಂಡು ಹೊರಟುಹೋದಳು.

ಹೊಸ ಜಾಗದ ಮೊದಲ ಬುಧವಾರ ಮೇಡಂ ಚಕ್ರದ ಚೀಲ ಎಳೆದುಕೊಂಡು ಬಸ್ಸಿನಲ್ಲಿ ಹೋದರು. ಮಂಡಿನೋವಿನವರಿಗೆ ಅದು ಸಣ್ಣ ಪ್ರಯಾಣವಲ್ಲ. ಡಾಂಬರು ಕಾದಿತ್ತು, ಜನ ವಿರಳವಾಗಿದ್ದರು. ಗರಿಫಾಲ್ಯಾ ತಲೆಯ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ಕೂತಿದ್ದಳು. ಮಾತಾಡದೆ ಆಲಿವ್ ತೂಗಿದಳು. ಮೇಡಂ ಚೀಲ ಹಿಡಿದು ಅಲ್ಲೇ ನಿಂತರು.

"ಇನ್ನೇನು?"

"ಚಪ್ಪರ ಬೇಕು ಇಲ್ಲಿ. ನಲ್ಲಿ ಬೇಕು. ನಮ್ಮ ಬೀದೀಲಿ ನಿಂತು ಹೋಗೋ ಬಸ್ಸು ಬೇಕು. ಮುಂದಿನ ಸಭೇಲಿ ಕೇಳ್ತೀನಿ."

"ನೀವಾ?" ಗರಿಫಾಲ್ಯಾ ತಕ್ಕಡಿ ಕೆಳಗಿಟ್ಟಳು. "ಖರ್ಚಿಗೆ ದುಡ್ಡಿಲ್ಲ ಅಂತ ಅರ್ಗೀರಿಸ್ ಅಂತಾನೆ. ಅದನ್ನೂ ಅವನಿಗಿಂತ ಚೆನ್ನಾಗಿ ನೀವೇ ಹೇಳಿಬಿಡ್ತೀರಿ."

"ಹೇಳಲೇಬೇಕಲ್ಲ."

"ಮೇಡಂ!"

"ಅದಕ್ಕೇ ಬಂದೆ. ಈ ಸಲ ಅವನ ವಾದ ನೀನು ಮಾಡು, ಇಲ್ಲೇ. ಉತ್ತರ ಸಿಗೋ ತನಕ ನಾನು ಸಭೆಗೆ ಹೋಗಲ್ಲ."

ಗರಿಫಾಲ್ಯಾ ಖಾಲಿ ಪೀಪಾಯಿಯೊಂದನ್ನು ಬೋರಲು ಹಾಕಿ ಮೇಡಂ ಕಡೆ ತಳ್ಳಿದಳು, ತಲೆಯ ಒದ್ದೆ ಬಟ್ಟೆ ತೆಗೆದು ಅವರ ಕೈಗಿಟ್ಟಳು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು, ಅರ್ಗೀರಿಸನ ಹಾಗೆಯೇ ಗಂಟಲು ಸರಿಮಾಡಿಕೊಂಡು ಶುರುಮಾಡಿದಳು: "ಬಜೆಟ್‌ನಲ್ಲಿ ಅವಕಾಶ ಕಲ್ಪಿಸಲಾಗಿಲ್ಲ."

"ಯಾರು?" ಎಂದರು ಮೇಡಂ, ಕೂತುಕೊಳ್ಳುತ್ತ.