ಅಣ್ಣ ಅಗಿದು ತಿಂದ ಮುದ್ದೆ

ರಾಗಿ ಮುದ್ದೆಯನ್ನು ಅಗಿಯಬಾರದು, ನುಂಗಬೇಕು. ನಮ್ಮ ಹುಣಸೂರು ಕಡೆ ಇದನ್ನು ಯಾರೂ ಹೇಳಿಕೊಡುವುದಿಲ್ಲ. ನಮ್ಮ ಬಾಯಿಮಾತಿನಲ್ಲಿ ಮುದ್ದೆ ಎಂದರೆ ಹಿಟ್ಟು. ಹಿಟ್ಟು ಅಗಿಯುವವನು ಹೊರಗಿನವನು ಎಂದೇ ಲೆಕ್ಕ. ಕಾಡಿನ ಗೇಟು ರಾತ್ರಿ ಮುಚ್ಚುವುದರಿಂದ ಕೇರಳಕ್ಕೆ ಹೋಗುವ ಲಾರಿಯವರು ಹುಣಸೂರಿನಲ್ಲೇ ಉಳಿದು, ಬಸ್ ಸ್ಟ್ಯಾಂಡ್ ಹಿಂದಿನ ಗಾಡಿ ಹೋಟೆಲಿಗೆ ಊಟಕ್ಕೆ ಬರುತ್ತಿದ್ದರು. ಅವರು ಮುದ್ದೆಯನ್ನು ಬಾಯಲ್ಲಿಟ್ಟುಕೊಂಡು ಒದ್ದಾಡುವುದನ್ನು ನೋಡಿ ನಗುವುದು ನಮಗೆ ಪುಕ್ಕಟೆ ಮಜಾ.

ಗಾಡಿ ಕೃಷ್ಣರಾಜನಗರದ ಕಡೆಯ ಗಂಡ ಹೆಂಡತಿಯದು. ಬೋಟಿ ಗೊಜ್ಜು, ತಲೆಮಾಂಸದ ಸಾರು ಮಾಡುವುದು ಗಂಡನ ಕೆಲಸ. ಹೆಂಡತಿ ಪಾತ್ರೆಯನ್ನು ಕಾಲಲ್ಲಿ ಅದುಮಿ ಹಿಡಿದು ಕೋಲಿನಿಂದ ಮುದ್ದೆ ತಿರುವುತ್ತಿದ್ದಳು. ಬೋಟಿಯನ್ನು ಅಷ್ಟು ಚೊಕ್ಕಟವಾಗಿ ತೊಳೆಯುವವರನ್ನು ನಾನು ಮೈಸೂರಿನಲ್ಲೂ ಕಂಡಿಲ್ಲ. ನಾನು ಮೊಬೈಲ್ ರಿಪೇರಿ ಅಂಗಡಿಯ ಬಾಗಿಲು ಹಾಕಿ ಅಲ್ಲಿಗೆ ಹೋಗುವ ಹೊತ್ತಿಗೆ, ಪಿರಿಯಾಪಟ್ಟಣದ ಹಳ್ಳಿಗಳಿಂದ ವ್ಯಾನಿನಲ್ಲಿ ಹಾಲು ತಂದಿಳಿಸಿ ಅಣ್ಣನೂ ಬರುತ್ತಿದ್ದ. ಎರಡು ಮುದ್ದೆಯನ್ನು ಮಾತಾಡುತ್ತಲೇ ಇಳಿಸಿಬಿಡುವ ಗಂಟಲು ಅವನದು. ಆಮೇಲೆ ಮನೆಗೆ ಹೋಗಿ, ಏನೂ ತಿಂದಿಲ್ಲವೆನ್ನುವ ಹಾಗೆ ಅತ್ತಿಗೆ ಬಡಿಸಿದ್ದನ್ನೂ ಉಣ್ಣುತ್ತಿದ್ದ. ಗಾಡಿಯ ವಿಷಯ ಅತ್ತಿಗೆಗೆ ಗೊತ್ತಿಲ್ಲವೆಂದು ನಾವಿಬ್ಬರೂ ತಿಳಿದಿದ್ದೆವು. ಅವರಿಗೆ ಗೊತ್ತಿತ್ತು.

ಅವರೆಕಾಯಿ ಕಾಲದ ಒಂದು ರಾತ್ರಿ, ಹಿತುಕಿದ ಅವರೆಬೇಳೆಗೆ ಕುರಿಮಾಂಸ ಹಾಕಿ ಸಾರು ಮಾಡಿದ್ದರು. ಅಣ್ಣ ನನ್ನ ಪಕ್ಕ ನಿಂತು, ಮುಖವನ್ನು ರಸ್ತೆಯ ಕಡೆ ತಿರುಗಿಸಿಕೊಂಡು ಉಣ್ಣುತ್ತಿದ್ದ. ಬಗ್ಗಿ ನೋಡಿದೆ. ದವಡೆ ಆಡುತ್ತಿತ್ತು. ನನ್ನ ನಾಲಿಗೆಗೆ ಮೊದಲಿಂದಲೂ ಲಂಗುಲಗಾಮಿಲ್ಲ.

“ನೋಡ್ರಪ್ಪ, ನಮ್ಮಣ್ಣ ಕೇರಳದೋನಾಗ್ಬುಟ್ಟ. ಹಿಟ್ಟು ಅಗೀತಾವ್ನೆ” ಎಂದೆ, ಎಲ್ಲರಿಗೂ ಕೇಳುವ ಹಾಗೆ.

ಗಾಡಿಯ ಸುತ್ತ ನಿಂತಿದ್ದವರೆಲ್ಲ ನಕ್ಕರು. ಮುದ್ದೆ ತಿರುವುತ್ತಿದ್ದ ಹೆಂಗಸಿಗೆ ಮಾತ್ರ ಗಾಬರಿ. “ಯಾಕಣ್ಣ, ಗಂಟಾಗದಾ?” ಎಂದು ಕೇಳಿದಳು.

“ಇಲ್ಲ ಕಣವ್ವ, ಚೆನ್ನಾಗದೆ” ಎಂದು ಅಣ್ಣ ದೊಡ್ಡ ತುತ್ತೊಂದನ್ನು ಮುರಿದು, ಸಾರಿನಲ್ಲಿ ಅದ್ದಿ, ನಮ್ಮೆಲ್ಲರ ಎದುರಿಗೇ ನುಂಗಿದ. ಅದು ಇಳಿಯಲಿಲ್ಲ. ಎದೆ ಒತ್ತಿಕೊಂಡು ಗಾಡಿಯ ಅಂಚು ಹಿಡಿದ. ಕಣ್ಣಲ್ಲಿ ನೀರು ಬಂತು. ಮೇಲೆ ಮೇಲೆ ನೀರು ಕುಡಿದ. ನಾನು ಅವನ ನೆತ್ತಿ ತಟ್ಟುತ್ತಾ, ಅತ್ತಿಗೆ ನೆನೆಸಿಕೊಳ್ಳುತ್ತಿರಬೇಕು ಎಂದು ಮತ್ತೊಂದು ತಮಾಷೆ ಮಾಡಿದೆ. ಮತ್ತೊಮ್ಮೆ ನಗು. ಅವನೂ ನಕ್ಕ.

ಕೈತೊಳೆದು ವ್ಯಾನಿನ ಹತ್ತಿರ ಹೋದಾಗ ಅವನೇ ಬಾಯಿಬಿಟ್ಟ. “ಗಂಟ್ಲಲ್ಲಿ ಏನೋ ಸಿಕ್ಕಂಡಂಗಾಯ್ತದೆ ಕಣ್ಲಾ. ಮನೇಲಿ ಹೇಳ್ಬ್ಯಾಡ.”

“ಹೊಗೆಸೊಪ್ಪು ಹಾಕೋದು ಬುಡು, ಎಲ್ಲಾ ಸರಿಹೋಯ್ತದೆ” ಎಂದೆ. ಇಷ್ಟೇ ನಾನು ಅಂದದ್ದು. ಹೇಳಿ ಬೈಕ್ ಹತ್ತಿದೆ.

ಅಂದಿನಿಂದ ಅಣ್ಣ ಗಾಡಿಗೆ ಬರಲಿಲ್ಲ. ರೂಟು ಬದಲಾಯಿತು, ತಡವಾಗುತ್ತದೆ ಎಂದ. ಮನೆಯಲ್ಲೇ ಉಣ್ಣುತ್ತಾನೆ ಎಂದುಕೊಂಡು ನಾನು ಸುಮ್ಮನಾದೆ. ಮನೆಯಲ್ಲಿ ಅವನು ತಟ್ಟೆ ಸರಿಸಿ ಅಷ್ಟು ಗಂಜಿ ಕುಡಿದು ಏಳುತ್ತಿದ್ದ. ಗಾಡಿಯಲ್ಲಿ ತಿಂದು ಬಂದಿದ್ದಾನೆ ಎಂದುಕೊಂಡು ಅತ್ತಿಗೆ ಸುಮ್ಮನಾದರು. ಅವರೆ ಮುಗಿಯಿತು, ಯುಗಾದಿ ಕಳೆಯಿತು, ಮಾವಿನಹಣ್ಣು ಬಂತು. ಅಣ್ಣ ಎಲ್ಲಿಯೂ ಉಣ್ಣುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅತ್ತಿಗೆ ಅಂಗಡಿಗೇ ಬಂದರು. “ನಿಮ್ಮಣ್ಣಂಗೆ ಆ ಗಾಡಿ ಊಟ ಬುಡ್ಸಪ್ಪ. ಅಲ್ಲಿ ತಿಂದು ಬಂದು ಮನೇಲಿ ಏನೂ ಮುಟ್ಟಾಕಿಲ್ಲ. ಮೈಯೆಲ್ಲಾ ಇಳ್ದೋಗದೆ” ಎಂದರು. ನನ್ನ ಕೈಯಲ್ಲಿ ಬಿಚ್ಚಿದ ಫೋನಿತ್ತು. ಐದು ತಿಂಗಳಿಂದ ಅವನು ಗಾಡಿಯ ಕಡೆ ತಲೆ ಹಾಕಿಲ್ಲ ಎನ್ನಬೇಕಿತ್ತು. ಹಾಗಂದರೆ, ಅಷ್ಟು ದಿನ ನೀನೇನು ಮಾಡುತ್ತಿದ್ದೆ ಎಂದು ಕೇಳುತ್ತಿದ್ದರು.

“ಈಗೊಂದು ಹದಿನೈದು ದಿನದಿಂದ ಬತ್ತಿಲ್ಲ ಅತ್ತಿಗೆ” ಎಂದೆ.

ಅವರು ಕೌಂಟರ್ ಹಿಡಿದು ನಿಂತರು. “ಮತ್ತೆಲ್ಲಿ ಉಣ್ತಾವ್ರೆ?” ಎಂದು ಕೇಳಿದರು.

ಮಾರನೆಯ ದಿನವೇ ಮೂವರೂ ಮೈಸೂರಿನ ಆಸ್ಪತ್ರೆಗೆ ಹೋದೆವು. ಡಾಕ್ಟರು ಗಂಟಲಿಗೆ ನಳಿಕೆ ಇಳಿಸಿ ನೋಡಿ, ಹೊರಗೆ ಬಂದು ಕೂತು, ನುಂಗಲು ಕಷ್ಟವಾಗಿ ಎಷ್ಟು ದಿನವಾಯಿತು ಎಂದು ಕೇಳಿದರು. ಅಣ್ಣ ನನ್ನ ಮುಖ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

“ಒಂದ್ ತಿಂಗ್ಳಾಯ್ತು ಸಾರ್” ಎಂದ.

ಡಾಕ್ಟರು ಅಷ್ಟೇ ಬರೆದುಕೊಂಡರು. ನಾಲಿಗೆಗೆ ಲಂಗುಲಗಾಮಿಲ್ಲದ ನಾನು ಆಗ ಮಾತ್ರ ಅದನ್ನು ಹಿಡಿದಿಟ್ಟುಕೊಂಡೆ. ಗಡ್ಡೆ ಬೆಳೆದುಬಿಟ್ಟಿದೆ, ಇನ್ನು ಆಪರೇಷನ್ನಿಗೆ ಬರುವುದಿಲ್ಲ, ಮೊದಲೇ ಬಂದಿದ್ದರೆ ನೋಡಬಹುದಿತ್ತು ಎಂದು ಅವರು ಹೇಳಿದಾಗಲೂ ನಾನು ನೆಲ ನೋಡುತ್ತಿದ್ದೆ. ಅಣ್ಣ ಶ್ರಾವಣ ಕಾಣಲಿಲ್ಲ.

ಅತ್ತಿಗೆ ಈಗಲೂ ಮನೆಗೆ ಬಂದವರಿಗೆಲ್ಲ ಹೇಳುತ್ತಾರೆ. “ಒಂದೇ ತಿಂಗ್ಳು ಕಣವ್ವ. ಗೊತ್ತಾಗೋ ಅಷ್ಟ್ರಲ್ಲಿ ಎಲ್ಲಾ ಮುಗ್ದೋಗಿತ್ತು. ಯಾರ್ನ ಅಂದು ಏನ್ ಮಾಡಾದು?” ಹೇಳುವಾಗ ಸಾಕ್ಷಿಗೆ ನನ್ನ ಕಡೆ ತಿರುಗುತ್ತಾರೆ. ನಾನು ಹೌದು ಎಂದು ತಲೆಯಾಡಿಸುತ್ತೇನೆ.