ಪ್ರಾಗಿನ ಪರವಾಗಿ ಅರ್ಥ ಹೇಳಿದವನು

ಅಥವಾ ಅವತ್ತು ಮಳೆಯೇ ಇರಲಿಲ್ಲವೇನೊ. ಆಗಸ್ಟ್ ತಿಂಗಳು, ಮುಂಬಯಿ. ಹಾಗಾಗಿ ಮಳೆ ಇತ್ತೆಂದು ನನ್ನ ನೆನಪು ತಾನಾಗಿಯೇ ಸೇರಿಸಿಕೊಂಡಿರಬಹುದು. ಸಯನ್ ಸ್ಟೇಷನ್ನಿನಿಂದ ನೆನೆದುಕೊಂಡೇ ಹೋದೆ, ಯೂನಿಯನ್ನಿನ ಮಹಡಿಯಲ್ಲಿ ಯಾರೋ ಟವೆಲ್ ಕೊಟ್ಟರು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಟವೆಲ್ಲಿನ ಬಣ್ಣವನ್ನೂ ಹೇಳುತ್ತೇನೆ. ಹೀಗೆ ಬಣ್ಣದ ಸಮೇತ ಬರುವ ನೆನಪನ್ನು ನಾನು ನಂಬುವುದಿಲ್ಲ. ಸಿಟ್ಟನ್ನು ನಂಬುತ್ತೇನೆ. ಅದು ಮಾತ್ರ ಅವತ್ತು ಹೇಗಿತ್ತೋ ಇವತ್ತೂ ಹಾಗೇ ಇದೆ.

ವರ್ಷ ಖಚಿತ. ೧೯೬೮, ರಷ್ಯದ ಟ್ಯಾಂಕುಗಳು ಪ್ರಾಗ್ ನಗರಕ್ಕೆ ನುಗ್ಗಿದ ವಾರ. ಚೆಕೊಸ್ಲೊವಾಕಿಯಾದಲ್ಲೂ ಇದ್ದದ್ದು ಕಮ್ಯುನಿಸ್ಟರ ಸರಕಾರವೇ. ಅವರು ಪತ್ರಿಕೆಗಳ ಬಾಯಿಗೆ ಹಾಕಿದ್ದ ಬೀಗ ತೆಗೆದರು, ಜನಕ್ಕೆ ಸ್ವಲ್ಪ ಉಸಿರಾಡಲು ಬಿಟ್ಟರು. ಅಷ್ಟಕ್ಕೇ ಮಾಸ್ಕೊ ಸೈನ್ಯ ಕಳಿಸಿತು; ಅದನ್ನು ಸಹೋದರರ ನೆರವು ಎಂದು ಕರೆಯಿತು. ನಮ್ಮ ಸರಕಾರ ವಿಷಾದ ಎಂದಿತು, ಖಂಡನೆ ಎನ್ನಲಿಲ್ಲ. ವಿಶ್ವಸಂಸ್ಥೆಯಲ್ಲಿ ಮತ ಹಾಕದೆ ಕೂತಿತು.

ನಾನು ಧಾರವಾಡದ ಕಡೆಯವನು, ಫೋರ್ಟಿನ ಒಂದು ಆಫೀಸಿನಲ್ಲಿ ಗುಮಾಸ್ತ. ಸಯನ್ನಿನ ಸುತ್ತಲಿನ ಉಡುಪಿ ಹೋಟೆಲುಗಳ ಕೆಲಸಗಾರರಿಗೆ ಒಂದು ಯೂನಿಯನ್ ಇತ್ತು. ಅದಕ್ಕೆ ಅಂಗಡಿಯೊಂದರ ಮೇಲೆ ಒಂದು ಕೋಣೆ ಇತ್ತು. ಭಾನುವಾರ ಊಟದ ಗಿರಾಕಿ ಮುಗಿದು ಸಂಜೆಯ ತಿಂಡಿಗೆ ಒಲೆ ಹೊತ್ತಿಸುವ ನಡುವಿನ ಖಾಲಿ ಹೊತ್ತಿನಲ್ಲಿ ಅಲ್ಲಿ ತಾಳಮದ್ದಲೆ ನಡೆಯುತ್ತಿತ್ತು. ಕರಾವಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ, ನನ್ನ ಕಡೆಯವರಿಗೆ ಹೇಳುತ್ತೇನೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತ ಪುರಾಣದ ಪ್ರಸಂಗವೊಂದರ ಪದ ಹಾಡುತ್ತಾನೆ, ಎದುರುಬದುರು ಕೂತವರು ತಾವೇ ಪಾತ್ರವಾಗಿ ಮಾತಿನಲ್ಲೇ ಕಾದಾಡುತ್ತಾರೆ. ಅದಕ್ಕೆ ಅರ್ಥ ಹೇಳುವುದು ಎನ್ನುತ್ತಾರೆ. ಖಳನ ಪಾತ್ರ ಸಿಕ್ಕಿದವನು ಖಳನ ಪರವಾಗಿಯೇ ಗೆಲ್ಲಲು ನೋಡಬೇಕು, ಬಿಟ್ಟುಕೊಟ್ಟರೆ ಅವಮಾನ. ಮಂಗಳ ಹಾಡಿದ ಮೇಲೆ ಆಡಿದ ಮಾತು ಅಲ್ಲಿಗೇ ಮುಗಿಯಿತು. ಆಗಷ್ಟೇ ಒಬ್ಬರನ್ನೊಬ್ಬರು ನರಕಕ್ಕೆ ಕಳಿಸಿದವರು ಒಂದೇ ಕಡ್ಡಿಯಲ್ಲಿ ಬೀಡಿ ಹೊತ್ತಿಸಿಕೊಂಡು ಮೆಟ್ಟಿಲಿಳಿಯುತ್ತಾರೆ. ಮುಂಬಯಿಯಲ್ಲಿ ನಾನು ಕಂಡ ಏಕೈಕ ನಾಗರಿಕ ಪದ್ಧತಿ ಅದು.

ಅವತ್ತು ಪ್ರಾಗನ್ನೇ ಪ್ರಸಂಗ ಮಾಡೋಣ ಎಂದವನು ಯೂನಿಯನ್ನಿನ ನಾಯಕ. ಎಲ್ಲರೂ ಅವನನ್ನು ಅಣ್ಣ ಎನ್ನುತ್ತಿದ್ದರು. ಆಗ ನಾನೂ ಅವರು, ಇವರು ಎನ್ನುತ್ತಿದ್ದೆ; ಈಗ ಬಹುವಚನ ಬಾಯಿಗೆ ಬರುವುದಿಲ್ಲ. ಕಮ್ಯುನಿಸ್ಟ್ ಪಕ್ಷದವನು, ಒಮ್ಮೆ ಮಾಸ್ಕೊಗೆ ಹೋಗಿ ಬಂದಿದ್ದ. ಪೇಪರಿನವರು ಹುಡುಗರ ತಲೆ ಕೆಡಿಸುತ್ತಿದ್ದಾರೆ, ಗೊಂದಲ ತೀರಿಸಬೇಕು ಎಂದು ತಾನೇ ರಷ್ಯವಾಗಿ ಕೂತ. ಪ್ರಾಗಿನ ಪಾತ್ರಕ್ಕೆ ಯಾರೂ ಮುಂದೆ ಬರಲಿಲ್ಲ. ಆಗ ಗೋಡೆಗೆ ಒರಗಿದ್ದ ಒಬ್ಬ ಸಪ್ಲೈಯರ್ ಕಡೆ ತಿರುಗಿದ.

"ನೀ ಬಾ ಮಾರಾಯ. ನಿಂಗೆ ಹೇಗೂ ಈಗ ಕೆಲ್ಸ ಇಲ್ಲ."

ಎಲ್ಲರೂ ನಕ್ಕರು. ಸಪ್ಲೈಯರನೂ ನಕ್ಕ.

ಕೆಲಸ ಇಲ್ಲದ್ದು ನಿಜ. ಕುಂದಾಪುರದ ಕಡೆಯವನು. ವಾರಕ್ಕೊಂದು ರಜೆ ಬೇಕೆಂದು ಎಲ್ಲರ ಪರವಾಗಿ ಗಲ್ಲಾದ ಮುಂದೆ ನಿಂತು ಕೇಳಿದ್ದಕ್ಕೆ ಹೋಟೆಲಿನ ಧಣಿ ಅವನನ್ನು ಹೊರಗೆ ಹಾಕಿದ್ದ. ಹೋಟೆಲ್ ಕೆಲಸ ಹೋದರೆ ಊಟವೂ ಮಲಗುವ ಜಾಗವೂ ಒಟ್ಟಿಗೇ ಹೋಗುತ್ತವೆ. ಆದ್ದರಿಂದ ಯೂನಿಯನ್ನಿನ ಕೋಣೆಯಲ್ಲೇ ಮಲಗುತ್ತಿದ್ದ. ಮೂಲೆಯಲ್ಲಿ ಅವನ ಟ್ರಂಕು. ಅದರ ಮುಚ್ಚಳದ ಒಳಬದಿಗೆ ರಷ್ಯದ ಬಣ್ಣದ ಪತ್ರಿಕೆಯಿಂದ ಕತ್ತರಿಸಿದ ಮಾಸ್ಕೊದ ಚಿತ್ರ ಅಂಟಿಸಿಕೊಂಡಿದ್ದ. ಮಾರನೆಯ ದಿನ ಅಣ್ಣ ಹೋಗಿ ಧಣಿಯ ಹತ್ತಿರ ಮಾತಾಡುವುದು, ಕೆಲಸ ವಾಪಸು ಕೊಡಿಸುವುದು ಎಂದು ಆಗಲೇ ತೀರ್ಮಾನವಾಗಿತ್ತು.

ಭಾಗವತನಿಗೆ ಪ್ರಾಗಿನ ಮೇಲೆ ಪದ ಎಲ್ಲಿಂದ ಬರಬೇಕು? ಗಣಪತಿಯ ಸ್ತುತಿ ಹಾಡಿ, ತಾಳ ಕುಟ್ಟಿ, ಮಾತನ್ನು ಅವರಿಗೆ ಬಿಟ್ಟುಕೊಟ್ಟ. ರಷ್ಯ ಮೊದಲು ಮಾತೆತ್ತಿತು. ಫ್ಯಾಸಿಸ್ಟರಿಂದ ನಿನ್ನನ್ನು ಬಿಡಿಸಿದವನು ನಾನು, ನನ್ನ ಮಕ್ಕಳ ರಕ್ತ ನಿನ್ನ ನೆಲದಲ್ಲಿದೆ, ಪಡುವಣ ಬಾಗಿಲ ಹೊರಗೆ ಅಮೆರಿಕ ಹೊಂಚು ಹಾಕುತ್ತಿರುವಾಗ ನೀನು ಒಳಗಿನಿಂದ ಚಿಲಕ ತೆಗೆಯುತ್ತಿದ್ದೀಯೆ, ನೀನೇ ಕರೆದದ್ದಕ್ಕೆ ಬಂದೆ ಎಂದ. ಚೆನ್ನಾಗಿಯೇ ಹೇಳಿದ. ಅದರಲ್ಲಿ ಮೊದಲ ಎರಡು ಮಾತು ಸುಳ್ಳೂ ಅಲ್ಲ.

ಸಪ್ಲೈಯರ್ ತಾಳಮದ್ದಲೆಯ ಆ ಬಿಗಿ ಕನ್ನಡದಲ್ಲಿ ಶುರು ಮಾಡಿದ.

"ನಿನ್ನನ್ನು ಅಣ್ಣನೆಂದದ್ದು ಹೌದು. ಬಿಡಿಸಿದ ಋಣವೂ ಹೌದು. ಋಣವಿದೆಯೆಂದು ನನ್ನ ಮನೆಯ ಒಲೆ ಯಾವ ದಿಕ್ಕಿಗಿರಬೇಕೆಂದು ನೀನು ಹೇಳುವುದೆ? ನಾನೇ ಕರೆದೆನೆನ್ನುತ್ತೀಯೆ. ಕರೆದ ಬಾಯಿ ಯಾವುದು, ತೋರಿಸು."

ಮಾತುಗಳು ಇವೇ ಎಂದು ಆಣೆ ಹಾಕಲಾರೆ. ಒಲೆ ಇತ್ತು, ಬಾಯಿ ಇತ್ತು. ಉಳಿದದ್ದನ್ನು ನಾನು ನಯ ಮಾಡಿರಬಹುದು.

ಅಣ್ಣ, ಕರೆದವರ ಹೆಸರು ಹೇಳುವ ಕಾಲ ಬಂದಿಲ್ಲ ಎಂದುಬಿಟ್ಟ. ಮಾಸ್ಕೊ ಹೇಳುತ್ತಿದ್ದದ್ದೂ ಹೆಚ್ಚುಕಡಿಮೆ ಅದನ್ನೇ. ಬಾಗಿಲ ಬಳಿ ಕೂತಿದ್ದ ಮುದಿ ಅಡಿಗೆಭಟ್ಟರು, "ಕರೆದವ ಯಾರೂಂತ ಗೊತ್ತಿಲ್ಲದೆ ಊಟಕ್ಕೆ ಹೋದ ಹಾಗಾಯ್ತಲ್ಲ ಮಾರಾಯ್ರೆ" ಎಂದರು. ಕೋಣೆಗೆ ಕೋಣೆಯೇ ನಕ್ಕಿತು. ಆ ನಗುವೇ ಸಪ್ಲೈಯರನ ತಲೆಯ ಮೇಲೆ ಬಿತ್ತು.

ಮಂಗಳ ಹಾಡಿ ಆಯಿತು. ಅಣ್ಣ ಏಳಲಿಲ್ಲ. ಪಾತ್ರದ ದನಿ ಬಿಟ್ಟು ತನ್ನ ದನಿಯಲ್ಲಿ ಕೇಳಿದ.

"ಇದೆಲ್ಲ ನಿಂಗೆ ಹೇಳಿಕೊಟ್ಟದ್ದು ಯಾರು?"

"ಮಂಗಳ ಆಯ್ತಲ್ದಾ ಅಣ್ಣ?"

"ಆಯ್ತು. ನಾಳೆ ನಿನ್ನ ಟ್ರಂಕು ಇಲ್ಲಿ ಕಾಣ್ಬಾರ್ದು."

ಈ ಮೂರು ಮಾತುಗಳ ಬಗ್ಗೆ ನನಗೆ ಸಂಶಯವಿಲ್ಲ. ಇದು ಅರ್ಥ ಹೇಳಿದ್ದಲ್ಲವೆ, ನೀವೇ ಕೂರಿಸಿದ್ದಲ್ಲವೆ ಎಂದು ನಾನು ಜಗಳ ತೆಗೆದೆ. ನೀವು ಘಟ್ಟದ ಮೇಲಿನವರು, ನಿಮಗೆ ಇದು ಗೊತ್ತಾಗುವುದಿಲ್ಲ, ಇದು ನಮ್ಮೊಳಗಿನ ವಿಷಯ ಎಂದ. ಒಳಗಿನ ವಿಷಯ! ಅದೇ ವಾರ ಮಾಸ್ಕೊ ಲೋಕಕ್ಕೆಲ್ಲ ಹೇಳುತ್ತಿದ್ದ ಮಾತು. ತನ್ನ ಬಾಯಲ್ಲಿ ಏನು ಬಂತೆಂದು ಅವನಿಗೆ ಗೊತ್ತೇ ಆಗಲಿಲ್ಲ. ಭಾಗವತ ತಾಳವನ್ನು ಬಟ್ಟೆಯಲ್ಲಿ ಸುತ್ತಿದ. ನಕ್ಕವರೆಲ್ಲ ಒಲೆಗೆ ಹೊತ್ತಾಯಿತೆಂದು ಚಪ್ಪಲಿ ಹುಡುಕಿದರು.

ಮಾರನೆಯ ದಿನ ಅಣ್ಣ ಧಣಿಯ ಹತ್ತಿರ ಹೋಗಲಿಲ್ಲ. ಸಪ್ಲೈಯರ್ ಅಮೆರಿಕದ ಏಜೆಂಟ್ ಎಂಬ ಮಾತು ಹೋಟೆಲಿಂದ ಹೋಟೆಲಿಗೆ ಹೋಯಿತು. ಅಮೆರಿಕ ಎಲ್ಲಿದೆಯೆಂದು ತಿಳಿಯದ ಧಣಿಗಳೂ ಅವನನ್ನು ಒಳಗೆ ಸೇರಿಸಲಿಲ್ಲ. ಅವರಿಗೆ ಅನುಕೂಲವೇ ಆಯಿತು. ರಜೆ ಕೇಳುವ ಬಾಯೊಂದನ್ನು ಯೂನಿಯನ್ನೇ ಮುಚ್ಚಿಸಿ ಕೊಟ್ಟಿತ್ತು.

ಮೂರು ವರ್ಷದ ಮೇಲೆ ಪಾಕಿಸ್ತಾನದ ಜೊತೆ ಯುದ್ಧ ಬಂತು. ಅಮೆರಿಕದ ಹಡಗುಗಳು ಬಂಗಾಳ ಕೊಲ್ಲಿಯ ಕಡೆ ಹೊರಟಾಗ, ಮುಂಬಯಿಯ ಕಿಟಕಿಗಳಿಗೆ ನಾವು ಕಪ್ಪು ಕಾಗದ ಅಂಟಿಸಿಕೊಂಡು ಕೂತಾಗ, ವಿಶ್ವಸಂಸ್ಥೆಯಲ್ಲಿ ನಮ್ಮ ಪರವಾಗಿ ನಿಂತದ್ದು ಅದೇ ರಷ್ಯ. ನನಗೂ ಜೀವ ಬಂದಂತಾಯಿತು, ಮುಚ್ಚಿಡುವುದಿಲ್ಲ. ಸಯನ್ನಿನ ಬಸ್ ಸ್ಟಾಪಿನಲ್ಲಿ ಅಣ್ಣ ಸಿಕ್ಕಿ, ಈಗ ಎಂತ ಹೇಳ್ತೀರಿ ಎಂದು ನಕ್ಕ. ನಾನು ಆ ಸಪ್ಲೈಯರ್ ಎಲ್ಲಿದ್ದಾನೆಂದು ಕೇಳಿದೆ.

"ಯಾವ ಸಪ್ಲೈಯರ್?"

ನಟನೆ ಮಾಡಲಿಲ್ಲ ಅವನು. ನಿಜವಾಗಿಯೂ ಮರೆತಿದ್ದ. ಟ್ಯಾಂಕಿಗಿಂತ ನನಗೆ ಅದು ಹೆಚ್ಚು ಅಸಹ್ಯವಾಗಿ ಕಂಡಿತು. ಟ್ಯಾಂಕು ಕಳಿಸಿದವರಿಗೆ ಎಲ್ಲಿಗೆ ಕಳಿಸಿದೆವೆಂಬುದಾದರೂ ನೆನಪಿರುತ್ತದೆ.

ಸಪ್ಲೈಯರ್ ದಹಿಸರ್‌ನಲ್ಲಿ ಚಹಾದಂಗಡಿ ಇಟ್ಟಿದ್ದಾನೆ ಎಂದು ಯಾರೋ ಹೇಳಿದರು. ಲೋಕಲ್ ಹಿಡಿದು ಹೋಗಿ ನೋಡಿದೆ, ಅವನಲ್ಲ. ಇನ್ನೊಬ್ಬರು ಅಂಧೇರಿ ಎಂದರು. ಅಲ್ಲೂ ಸಿಗಲಿಲ್ಲ. ಅವನು ಪ್ರಾಗಿನ ಪರವಾಗಿದ್ದನೆ, ಅಥವಾ ಕೊಟ್ಟ ಪಾತ್ರವನ್ನು ಚೆನ್ನಾಗಿ ಮಾಡಿದ ರಷ್ಯದ ಭಕ್ತನೇ ಆಗಿದ್ದನೆ? ಮುಚ್ಚಳದ ಒಳಗಿನ ಮಾಸ್ಕೊದ ಚಿತ್ರವನ್ನು ಹರಿದುಹಾಕಿದನೆ, ಹಾಗೆಯೇ ಹೊತ್ತುಕೊಂಡು ಹೋದನೆ? ಕೋಣೆಯಿಂದ ಹೊರಗೆ ಹಾಕಿದ ಅಣ್ಣ ಇದನ್ನು ಅವನನ್ನು ಕೇಳಲಿಲ್ಲ. ಅವನ ಪರವಾಗಿ ಜಗಳವಾಡಿದ ನಾನೂ ಕೇಳಲಿಲ್ಲ. ನನಗೆ ಗೊತ್ತಿಲ್ಲ.